ನಾಲ್ಕು ಮಿಲಿಮೀಟರ್

ಮದರಾಸಿನ ಪ್ಯಾರೀಸ್ ಕಾರ್ನರಿನ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿತ್ತು. ಎಡಗೈ ಸಡಿಲಿಸಿದೆ. ಮೂರು ಬೆರಳು ಬಿಚ್ಚಿದವು, ಉಂಗುರದ ಬೆರಳು ಬಿಚ್ಚಲಿಲ್ಲ. ಕ್ಲಚ್ ಲಿವರಿಗೆ ಕೊಕ್ಕೆಯ ಹಾಗೆ ಸಿಕ್ಕಿಕೊಂಡೇ ಇತ್ತು. ಲಿವರ್ ಅರ್ಧಕ್ಕೆ ಜಾರಿತು. ಬುಲೆಟ್ ಒಮ್ಮೆ ಮುಗ್ಗರಿಸಿ ನಿಂತುಹೋಯಿತು. ಎಡಕ್ಕೆ ಹೈಕೋರ್ಟಿನ ಕೆಂಪು ಗೋಡೆ, ಎದುರಿಗೆ ಡೇರ್ ಹೌಸ್, ಬೆನ್ನಿಗೆ ಹತ್ತಿಕೊಂಡಂತೆ ಒಂದು ಸಿಟಿ ಬಸ್ಸು. ಬಲಗೈಯಿಂದ ಎಡಗೈಯ ಬೆರಳನ್ನು ಹಿಡಿದು ನೆಟ್ಟಗೆ ಮಾಡಿದೆ. ಒಳಗೆಲ್ಲೋ ಟಕ್ ಎಂದಿತು. ನೋವು ಮೊಣಕೈವರೆಗೂ ಏರಿತು. ಗಾಡಿಯನ್ನು ತಳ್ಳಿಕೊಂಡು ಬದಿಗೆ ತಂದೆ. ಮೂವತ್ತು ವರ್ಷ ಗಾಡಿ ಓಡಿಸಿದವಳಿಗೆ ಕೈ ಹೀಗೆ ಮಾತು ಕೇಳದೇ ಇದ್ದದ್ದು ಅದೇ ಮೊದಲು.

ಅದಕ್ಕೆ ಟ್ರಿಗರ್ ಫಿಂಗರ್ ಎಂದು ಹೆಸರು ಎಂದರು ಡಾಕ್ಟರು. ಬೆರಳನ್ನು ಮಡಚುವ ಸ್ನಾಯುರಜ್ಜು ಒಂದು ಕಿರಿದಾದ ಕೊಳವೆಯೊಳಗೆ ಹಿಂದೆ ಮುಂದೆ ಜಾರುತ್ತದಂತೆ. ಬೆರಳಿನ ಬುಡದಲ್ಲಿ, ಅಂಗೈ ಸೇರುವ ಕಡೆ, ಆ ಕೊಳವೆ ದಪ್ಪವಾಗಿಬಿಟ್ಟರೆ ಅಥವಾ ರಜ್ಜುವಿನ ಮೇಲೆ ಗಂಟು ಬೆಳೆದರೆ ಒಳಕ್ಕೆ ಹೋದ ರಜ್ಜು ಹೊರಕ್ಕೆ ಬರಲು ತಡವರಿಸುತ್ತದೆ. ಹೆಂಗಸರಲ್ಲಿ ಹೆಚ್ಚು, ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಹೆಚ್ಚು. ಕಾಗದದ ಮೇಲೆ ಎರಡು ಗೆರೆ ಎಳೆದು, ನಡುವೆ ಒಂದು ದಾರ ಬರೆದು, ದಾರದ ಮೇಲೆ ಒಂದು ಚುಕ್ಕೆ ಇಟ್ಟು ತೋರಿಸಿದರು. ಆ ಚಿತ್ರವನ್ನು ಹಿಂದೆಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ. ಒಂದು ಇಂಜೆಕ್ಷನ್ ಕೊಟ್ಟರು, ರಾತ್ರಿ ಹೊತ್ತು ಬೆರಳಿಗೆ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟರು, ಆರು ವಾರ ಗಾಡಿ ಮುಟ್ಟಬೇಡಿ ಎಂದರು.

ಆ ಆರು ವಾರದಲ್ಲಿ ಸ್ಕೂಟರ್ ತಗೊಳ್ಳಿ ಎನ್ನದವರು ಯಾರೂ ಇರಲಿಲ್ಲ. ಕ್ಲಚ್ಚೂ ಇಲ್ಲ, ಗೇರೂ ಇಲ್ಲ, ಈಗಂತೂ ಕರೆಂಟಿನದು, ಸದ್ದೂ ಇಲ್ಲ ಎಂದರು. ಅವರ ಮಾತು ತಪ್ಪಲ್ಲ. ತಿರುವಲ್ಲಿಕ್ಕೇಣಿಯ ನಮ್ಮ ಮನೆಯಿಂದ ರಾಜಾಜಿ ಸಾಲೈನ ನಮ್ಮ ಬ್ಯಾಂಕಿಗೆ ಕಡಲಕರೆಯ ದಾರಿಯಲ್ಲಿ ಐದಾರು ಕಿಲೋಮೀಟರು. ಸ್ಕೂಟರು ಧಾರಾಳ ಸಾಕು. ಆದರೆ ನನ್ನ ಕೈ ಸೋತಿತು ಎಂಬ ಕಾರಣಕ್ಕೆ ಗಾಡಿಯನ್ನು ಮಾರುವ ಮೊದಲು, ಸೋತದ್ದು ನಿಜವಾಗಿಯೂ ಕೈಯೇನಾ ಎಂದು ತಿಳಿಯಬೇಕಿತ್ತು.

ಈ ಸಂಶಯಕ್ಕೆ ಕಾರಣ ನಮ್ಮಪ್ಪನ ಯೆಜ್ದಿ.

ನಾನು ಮೈಸೂರಿನವಳು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಬೀದಿಗಳಲ್ಲಿ ಬೆಳೆದವಳು. ಚೆಕೊಸ್ಲೊವಾಕಿಯಾದ ಜಾವಾವನ್ನು 1961ರಿಂದ ಅಲ್ಲಿ ತಯಾರಿಸುತ್ತಿದ್ದರು. 1973ರಿಂದ ಅದಕ್ಕೆ ಯೆಜ್ದಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಪ್ಪ ನನಗೆ ಹದಿನೇಳು ತುಂಬಿದಾಗ ತಮ್ಮ ಯೆಜ್ದಿಯ ಮೇಲೆ ಕೂರಿಸಿ, ಭಾನುವಾರದ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಕಲಿಸಿದರು. ಆ ಗಾಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಲಿವರು. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರು, ಸ್ಟಾರ್ಟ್ ಆದಮೇಲೆ ಮುಂದಕ್ಕೆ ಬಿಟ್ಟರೆ ಗೇರು. ನೋಡಿದವರೆಲ್ಲ ಮೆಚ್ಚುತ್ತಿದ್ದದ್ದು ಅದನ್ನೇ. ಅದರಲ್ಲಿ ಅದಕ್ಕಿಂತ ದೊಡ್ಡದೊಂದು ಉಪಕಾರವಿತ್ತು, ಹೊರಗೆ ಕಾಣುತ್ತಿರಲಿಲ್ಲ. ಗೇರ್ ಲಿವರನ್ನು ಕಾಲಿನಿಂದ ಒತ್ತಿದರೆ ಒಳಗಿನ ಒಂದು ಕ್ಯಾಮ್ ತಾನೇ ಕ್ಲಚ್ಚನ್ನು ಬಿಡಿಸುತ್ತಿತ್ತು. ನಿಂತಲ್ಲಿಂದ ಹೊರಡುವಾಗ ಮಾತ್ರ ಎಡಗೈ ಬೇಕು. ಹೊರಟ ಮೇಲೆ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಕೈ ಮುಟ್ಟದೆ ಗೇರ್ ಬೀಳುತ್ತಿತ್ತು. ಅಪ್ಪನಿಗೆ ಎಡಗೈಯ ಮಣಿಕಟ್ಟು ಹುಡುಗನಾಗಿದ್ದಾಗ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಅವರು ಯೆಜ್ದಿಯನ್ನೇ ಏಕೆ ಹಿಡಿದುಕೊಂಡಿದ್ದರು ಎಂಬುದು ನನಗೆ ತಿಳಿದದ್ದು ನನ್ನ ಬೆರಳು ಕೈಕೊಟ್ಟ ಮೇಲೆ. ಅವರು ಅದನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ.

ಕೈಯ ಕಷ್ಟವನ್ನು ಯಂತ್ರ ತಾನು ಹೊತ್ತುಕೊಳ್ಳಬಲ್ಲದು ಎಂಬುದಕ್ಕೆ ನಾನು ಸಾಕ್ಷಿ. ನಮ್ಮೂರಲ್ಲೇ ಅದನ್ನು ಮಾಡಿದ್ದರು.

ಬ್ಯಾಂಕಿನ ಕೆಲಸಕ್ಕೆ 1994ರಲ್ಲಿ ಮದರಾಸಿಗೆ ಬಂದೆ. ಬುಲೆಟ್ ಕೊಂಡದ್ದು 2003ರಲ್ಲಿ. ಅದು ಹಳೆಯ ಮಾದರಿ, ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಯೆಜ್ದಿಯಲ್ಲಿ ಕಲಿತ ಕಾಲುಗಳಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸಬೇಕಾಯಿತು. ಈ ಗಾಡಿಗೂ ಪ್ಯಾರೀಸ್ ಕಾರ್ನರಿಗೂ ಒಂದೇ ರಸ್ತೆಯ ನಂಟು. ಇಲ್ಲಿಂದ ಕಡಲನ್ನು ಬಲಕ್ಕೆ ಇಟ್ಟುಕೊಂಡು ರಾಯಪುರಂ ದಾಟಿ ಉತ್ತರಕ್ಕೆ ಹೋದರೆ ತಿರುವೊಟ್ಟಿಯೂರು. ಇಂಗ್ಲೆಂಡಿನ ರೆಡಿಚ್ ಕಂಪನಿಯೂ ಇಲ್ಲಿಯ ಮದ್ರಾಸ್ ಮೋಟರ್ಸೂ ಸೇರಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ ಎಂದು ಶುರುಮಾಡಿ ಬುಲೆಟ್ ಜೋಡಿಸಲು ತೊಡಗಿದ್ದು ಅಲ್ಲಿಯೇ. ಮೊದಲ ದೊಡ್ಡ ಗಿರಾಕಿ ನಮ್ಮ ಸೈನ್ಯ. ರೆಡಿಚ್ಚಿನಲ್ಲಿ ಕೆಲಸ ನಿಂತುಹೋಗಿ ಎಷ್ಟೋ ಕಾಲವಾದರೂ ತಿರುವೊಟ್ಟಿಯೂರಿನಲ್ಲಿ ಬುಲೆಟ್ ಹೊರಡುತ್ತಲೇ ಇತ್ತು. ಆ ಕ್ಲಚ್ಚಿನ ಬಿಗಿಯನ್ನು ಹಿಡಿದು ನೋಡಿದವರಿಗೆ, ಇದನ್ನು ಮಾಡಿದವರು ಯಾರ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂದು ಬಿಡಿಸಿ ಹೇಳಬೇಕಿಲ್ಲ. ನನ್ನ ಕೈಯನ್ನಂತೂ ಅಲ್ಲ.

ಪಟ್ಟಿ ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ ಮಗನ ಹಿಂದೆ ಕೂತು ಬ್ಯಾಂಕಿಗೆ ಹೊರಟೆ. ಗಾಡಿ ಅವನ ಕೈಯಲ್ಲಿ, ಎಣಿಕೆ ನನ್ನದು. ಮನೆಯ ಓಣಿಯಿಂದ ಕಾಮರಾಜರ್ ಸಾಲೈ, ನೇಪಿಯರ್ ಸೇತುವೆ, ಯುದ್ಧ ಸ್ಮಾರಕ, ಕೋಟೆ, ರಿಸರ್ವ್ ಬ್ಯಾಂಕು, ಹೈಕೋರ್ಟು. ಬ್ಯಾಂಕಿನ ಗೇಟು ತಲುಪುವ ಹೊತ್ತಿಗೆ ಅವನು 118 ಸಲ ಕ್ಲಚ್ ಹಿಡಿದಿದ್ದ. ಬರೀ ಹೋಗುವುದಕ್ಕೆ ಅಷ್ಟು.

ಪ್ಯಾರೀಸ್ ಕಾರ್ನರ್ ಎಂದರೆ ಹೊರಗಿನವರಿಗೆ ಒಂದು ಬಸ್ ಸ್ಟಾಪಿನ ಹೆಸರು. ನನಗೆ ಅದು ಅಜ್ಜನ ಬಾಯಿಂದ ಕೇಳಿದ ಊರು. ಅಮ್ಮನ ತವರು ಕುಂದಾಪುರ. 1956ರ ನವೆಂಬರ್ ಒಂದರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಗೇಣಿಯ ವ್ಯಾಜ್ಯ ಮೇಲಿನ ಕೋರ್ಟಿಗೆ ಹೋದರೆ ಅಜ್ಜ ಕಾಗದದ ಕಟ್ಟು ಕಂಕುಳಲ್ಲಿಟ್ಟುಕೊಂಡು ಇಲ್ಲಿಗೆ ಬರಬೇಕಿತ್ತು. 1892ರಲ್ಲಿ ಕಟ್ಟಿ ಮುಗಿಸಿದ ಆ ಹೈಕೋರ್ಟಿನ ಗೋಪುರದ ತುದಿಯಲ್ಲೇ ಹಡಗುಗಳಿಗೆ ದಾರಿ ತೋರುವ ದೀಪ ಇತ್ತು. 1894ರಿಂದ 1977ರವರೆಗೆ ಅದು ಉರಿಯಿತು. ನ್ಯಾಯ ಸಿಗದಿದ್ದರೂ ಬೆಳಕು ಕಂಡು ಬಂದೆ ಎನ್ನುತ್ತಿದ್ದರು ಅಜ್ಜ. 1788ರಲ್ಲಿ ಮದರಾಸಿಗೆ ಬಂದು ವ್ಯಾಪಾರ ಹೂಡಿದ ಥಾಮಸ್ ಪ್ಯಾರಿ ಎಂಬ ವೇಲ್ಸ್ ದೇಶದವನ ಹೆಸರು ಈ ಮೂಲೆಗೆ ನಿಂತಿದೆ. ಅವನ ಕಂಪನಿಯ ಜಾಗದಲ್ಲಿ ಈಗ ನಿಂತಿರುವುದೇ ಡೇರ್ ಹೌಸ್.

ಆ ಮೂಲೆಯ ಹಿಂದೆ ಒಂದರ ಬೆನ್ನಿಗೆ ಒಂದು ಬೀದಿ. ತಂಬು ಚೆಟ್ಟಿ ಬೀದಿ, ಲಿಂಗಿ ಚೆಟ್ಟಿ ಬೀದಿ, ಅರ್ಮೇನಿಯನ್ ಬೀದಿ. ಒಂದು ಕಡೆ ಬೇರಿಂಗು, ಒಂದು ಕಡೆ ಪಂಪು, ಒಂದು ಕಡೆ ಬರೀ ನಟ್ಟು ಬೋಲ್ಟು, ಇನ್ನೊಂದು ಕಡೆ ಉಕ್ಕಿನ ಹಗ್ಗ. ಗಾಡಿಯ ಹಳೆಯ ಬಿಡಿಭಾಗ ಬೇಕಾದವರು ಪುದುಪೇಟೆಗೆ ಹೋಗುತ್ತಾರೆ. ನನಗೆ ಬೇಕಾದದ್ದು ಬಿಡಿಭಾಗ ಅಲ್ಲ, ಇಲ್ಲದ ಒಂದನ್ನು ಮಾಡಿಕೊಡುವ ಕೈ. ಬ್ಯಾಂಕಿಗೆ ಖಾತೆಗಾಗಿ ಬರುತ್ತಿದ್ದ ಒಬ್ಬ ಹಾರ್ಡ್‌ವೇರ್ ಅಂಗಡಿಯವರು ದಾರಿ ಹೇಳಿದರು. ತಂಬು ಚೆಟ್ಟಿ ಬೀದಿಯಿಂದ ಒಳಕ್ಕೆ ತಿರುಗುವ ಓಣಿ. ಎರಡಾಳು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಲೇತ್ ಅಂಗಡಿ. ಅಲ್ಲಿ ಅರವತ್ತು ದಾಟಿದ ಟರ್ನರ್. ಅವರ ತಂದೆ ತಾಯಿ 1960ರ ದಶಕದಲ್ಲಿ ಬರ್ಮಾ ಬಿಟ್ಟು ಬಂದವರು. ಹಾಗೆ ಬಂದವರಿಗಾಗಿಯೇ 1969ರಲ್ಲಿ ಎದುರಿನ ಬರ್ಮಾ ಬಜಾರ್ ಹುಟ್ಟಿದ್ದು.

"ಎನ್ನಮ್ಮಾ, ಕೈ ವಲಿಕ್ಕುದಾ?" ಎಂದರು, ಕೈ ನೋಯುತ್ತದೆಯೇ ಎಂದು. ಗಾಡಿಯನ್ನು ನೋಡುವ ಮೊದಲು ನನ್ನ ಕೈ ನೋಡಿದ್ದರು.

"ಹೌದಣ್ಣಾ, ಕ್ಲಚ್ಚು ಹಿಡಿದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಲಿವರಿಗೆ ಏನಾದರೂ ಮಾಡಿಕೊಡಿ" ಎಂದೆ.

"ಲಿವರು ಆಮೇಲೆ" ಎಂದರು. ಹುಡುಗನನ್ನು ಬರ್ಮಾ ಬಜಾರಿಗೆ ಕಳಿಸಿ, ಪ್ರಯಾಣದ ಪೆಟ್ಟಿಗೆಗಳನ್ನು ನೇತುಹಾಕಿ ತೂಗುವ ಸಣ್ಣ ತಕ್ಕಡಿಯೊಂದನ್ನು ತರಿಸಿದರು. ಅದರ ಕೊಕ್ಕೆಯನ್ನು ಲಿವರಿಗೆ ಹಾಕಿ, ಹ್ಯಾಂಡಲ್ ಮುಟ್ಟುವವರೆಗೂ ಎಳೆದರು. ಹನ್ನೊಂದೂವರೆ ಕೆ.ಜಿ. ನಾನು ಮನಸ್ಸಿನಲ್ಲೇ ಗುಣಿಸಿದೆ. 118 ಸಲಕ್ಕೆ ಸಾವಿರದ ಮುನ್ನೂರೈವತ್ತು ಕೆ.ಜಿ.ಗೂ ಮೇಲೆ. ಹದಿಮೂರು ಕ್ವಿಂಟಲ್ ಭತ್ತದಷ್ಟು ಭಾರವನ್ನು ದಿನಾ ಬೆಳಿಗ್ಗೆ ನಾಲ್ಕು ಬೆರಳಲ್ಲಿ ಎಳೆದು, ಸಂಜೆ ಮತ್ತೆ ಅಷ್ಟನ್ನೇ ಎಳೆಯುತ್ತಿದ್ದೆ.

ಕೇಬಲ್ಲನ್ನು ಎರಡೂ ಕಡೆ ಬಿಚ್ಚಿ ಹೊರಗೆಳೆದು, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು "ಎಳೀರಿ" ಎಂದರು. ಸ್ಪ್ರಿಂಗೂ ಇಲ್ಲ, ಕ್ಲಚ್ಚೂ ಇಲ್ಲ, ಖಾಲಿ ಕೇಬಲ್ಲು. ಆದರೂ ಒಳಗಿನ ತಂತಿ ಕೊಸರಿ ಕೊಸರಿ ಬಂತು. ಒಂದು ಕಡೆ ನಿಂತೇಬಿಟ್ಟಿತು. ಜೋರು ಮಾಡಿದರೆ ಟಕ್ ಎಂದು ಹಾರಿತು. ಹೊರಗವಚವನ್ನು ಅವರು ಉದ್ದಕ್ಕೆ ಸೀಳಿ ತೋರಿಸಿದರು. ಪೆಟ್ರೋಲ್ ಟ್ಯಾಂಕಿನ ಕೆಳಗೆ ತಿರುವು ಬಿಗಿಯಾದ ಕಡೆ ತಂತಿಯ ಎರಡು ಎಳೆ ಕಡಿದು, ಸುರುಳಿ ಸುತ್ತಿ, ಒಂದು ಗಂಟಾಗಿತ್ತು.

ಡಾಕ್ಟರು ಬರೆದ ಚಿತ್ರವನ್ನು ಎಲ್ಲಿ ನೋಡಿದ್ದೆ ಎಂದು ಆಗ ತಿಳಿಯಿತು. ಎರಡು ಗೆರೆ, ನಡುವೆ ದಾರ, ದಾರದ ಮೇಲೆ ಚುಕ್ಕೆ. ನನ್ನ ಬೆರಳಿಗೂ ಗಾಡಿಯ ಕೇಬಲ್ಲಿಗೂ ಒಂದೇ ಕಾಯಿಲೆ. ಕೇಬಲ್ಲಿನ ಗಂಟು ಬೆರಳಿಗೆ ಗಂಟು ಕಟ್ಟಿಸಿತ್ತೋ ಏನೋ. ಡಾಕ್ಟರು ಹಾಗೆ ಹೇಳಲಿಲ್ಲ, ನಾನೂ ಖಂಡಿತವಾಗಿ ಹೇಳಲಾರೆ. ಆದರೆ ಆ ಸೀಳಿದ ಕೊಳವೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಈ ಬಗೆಯ ಕೇಬಲ್ಲಿಗೆ ಬೌಡನ್ ಕೇಬಲ್ ಎಂದು ಹೆಸರು. ಅರ್ನೆಸ್ಟ್ ಬೌಡನ್ ಎಂಬವನು 1896ರಲ್ಲಿ ಪೇಟೆಂಟ್ ಪಡೆದ ಯುಕ್ತಿ. ಬಾಗುವ ಕೊಳವೆಯೊಳಗೆ ತಂತಿಯನ್ನು ಇಟ್ಟರೆ, ಎಳೆತವನ್ನು ಮೂಲೆ ತಿರುಗಿಸಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಸೈಕಲ್ಲಿನ ಬ್ರೇಕಿನಿಂದ ಹಿಡಿದು ಬುಲೆಟ್ಟಿನ ಕ್ಲಚ್ಚಿನವರೆಗೂ ಅದೇ. ಆದರೆ ಪ್ರತಿ ತಿರುವಿಗೂ ಸುಂಕ ಕೊಡಬೇಕು. ತಿರುವು ಬಿಗಿಯಾದಷ್ಟೂ ತಂತಿ ಕೊಳವೆಯ ಗೋಡೆಗೆ ಉಜ್ಜುತ್ತದೆ. ಕೈ ಎಳೆದ ಬಲದಲ್ಲಿ ಒಂದು ಪಾಲು ದಾರಿಯಲ್ಲೇ ಕರಗಿಹೋಗುತ್ತದೆ. ಕ್ಲಚ್ ಗಟ್ಟಿ ಎಂದು ನಾವು ಬಯ್ಯುವುದು ಎಂಜಿನ್ನನ್ನು. ತಪ್ಪು ಎಷ್ಟೋ ಸಲ ಈ ಮೂರಡಿ ಕೊಳವೆಯದು.

ಹೊಸ ಕೇಬಲ್ ತರಿಸಿದರು. ಒಳಗೆ ನೈಲಾನ್ ಹೊದಿಕೆ ಇರುವ ಜಾತಿಯದಾದರೆ ಎಣ್ಣೆ ಬೇಡ, ಜಿಡ್ಡು ಹಿಡಿದು ಇನ್ನೂ ಗಟ್ಟಿಯಾಗುತ್ತದೆ. ಇದು ಹೊದಿಕೆ ಇಲ್ಲದ್ದು, ಎಣ್ಣೆ ಕುಡಿಯಬೇಕು. ಪ್ಲಾಸ್ಟಿಕ್ ಕವರಿನ ಮೂಲೆ ಕತ್ತರಿಸಿ, ಆಲಿಕೆಯ ಹಾಗೆ ಕೇಬಲ್ಲಿನ ತಲೆಗೆ ದಾರದಿಂದ ಬಿಗಿದು, ಒಂದಿಷ್ಟು ಎಂಜಿನ್ ಆಯಿಲ್ ಹುಯ್ದು, ರಾತ್ರಿ ಇಡೀ ಕಿಟಕಿಯ ಸರಳಿಗೆ ನೇತುಹಾಕಿದರು. ಬೆಳಿಗ್ಗೆ ಕೆಳಗಿಟ್ಟ ತಗಡಿನಲ್ಲಿ ನಾಲ್ಕು ಹನಿ ಎಣ್ಣೆ ಬಿದ್ದಿತ್ತು. ಇಳಿದಿದೆ ಎಂದು ಅರ್ಥ. ಟ್ಯಾಂಕಿನ ಕೆಳಗೆ ಮೊದಲಿನ ದಾರಿ ಬಿಟ್ಟು, ದೊಡ್ಡ ಬಳಸಿನಲ್ಲಿ ಕೇಬಲ್ಲನ್ನು ಗೇರ್‌ಬಾಕ್ಸಿಗೆ ಇಳಿಸಿದರು. ಲಿವರು ತಿರುಗುವ ಬೋಲ್ಟು ಒಣಗಿ ಸವೆದಿತ್ತು. ಅದರ ತೂತನ್ನು ಹಿಗ್ಗಿಸಿ, ಗನ್‌ಮೆಟಲ್ಲಿನ ಪುಟ್ಟ ಬುಷ್ ಕಡೆದು ಕೂರಿಸಿದರು. ಮತ್ತೆ ತಕ್ಕಡಿ. ಒಂಬತ್ತು ಕೆ.ಜಿ.

ಲಿವರನ್ನು ಇನ್ನೂ ಮುಟ್ಟಿಯೇ ಇರಲಿಲ್ಲ.

ಈಗ ಲಿವರಿನ ಕತೆ. ನಮ್ಮ ಕಡೆ ಬಂಡೆ ಮೀಟುವವರನ್ನು ನೋಡಿದವರಿಗೆ ಇದು ಹೊಸದೇನಲ್ಲ. ಹಾರೆಯ ಕೆಳಗೆ ಅಡಿಗಲ್ಲು ಕೊಡುತ್ತಾರೆ. ಅಡಿಗಲ್ಲನ್ನು ಬಂಡೆಗೆ ಹತ್ತಿರ ಸರಿಸಿದಷ್ಟೂ ಕೈಗೆ ಹಗುರ, ಆದರೆ ಬಂಡೆ ಮೇಲೇಳುವುದು ಅಷ್ಟಷ್ಟೇ ಕಡಿಮೆ. ಕ್ಲಚ್ ಲಿವರೂ ಒಂದು ಹಾರೆ. ಅದು ತಿರುಗುವ ಬೋಲ್ಟೇ ಅಡಿಗಲ್ಲು, ಕೇಬಲ್ಲಿನ ಗುಂಡು ಕೂರುವ ತೂತೇ ಬಂಡೆ. ಎರಡರ ನಡುವೆ ನನ್ನ ಗಾಡಿಯಲ್ಲಿ 27 ಮಿಲಿಮೀಟರ್ ಎಂದು ಟರ್ನರ್ ವರ್ನಿಯರ್ ಇಟ್ಟು ಹೇಳಿದರು. ಅದನ್ನು ಕಡಿಮೆ ಮಾಡಿದರೆ ಬೆರಳಿನ ಶ್ರಮ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಜೊತೆಗೆ ಕೇಬಲ್ ಎಳೆಯುವ ಉದ್ದವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಎರಡನೆಯದನ್ನು ಯಾರೂ ತಪ್ಪಿಸಲಾರರು. ಎಂಜಿನ್ನಿನ ಒಳಗೆ ಸ್ಪ್ರಿಂಗುಗಳು ಕ್ಲಚ್ ಪ್ಲೇಟುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿರುತ್ತವೆ. ಕೇಬಲ್ ಎಳೆದರೆ ಗೇರ್‌ಬಾಕ್ಸಿನ ಟೊಳ್ಳು ಶಾಫ್ಟಿನ ಮೂಲಕ ಒಂದು ಕಡ್ಡಿ ಹೋಗಿ ಆ ಒತ್ತನ್ನು ಬಿಡಿಸಬೇಕು. ಅದು ಹೋಗಬೇಕಾದಷ್ಟು ದೂರ ಹೋಗದಿದ್ದರೆ ಪ್ಲೇಟುಗಳು ಪೂರ್ತಿ ಬೇರೆಯಾಗುವುದಿಲ್ಲ.

"23 ಇಡೋಣ" ಎಂದರು ಅವರು.

"19 ಇಡಿ ಅಣ್ಣಾ, ಇನ್ನೂ ಹಗುರಾಗುತ್ತಲ್ಲ" ಎಂದೆ. ನೋವು ತಿಂದ ಕೈ ಆಡಿಸಿದ ಮಾತು ಅದು. ಅವರು ಎರಡು ಸಲ ಬೇಡವೆಂದರು, ಮೂರನೆಯ ಸಲ ಸುಮ್ಮನಾದರು.

ಹಳೆಯ ಲಿವರಿನಲ್ಲೇ ಪಕ್ಕದಲ್ಲೊಂದು ತೂತು ಕೊರೆದುಬಿಡಿ ಎಂದೂ ಕೇಳಿದ್ದೆ. ಅದಕ್ಕೆ ಮಾತ್ರ ಅವರು ಖಡಾಖಂಡಿತವಾಗಿ ಒಪ್ಪಲಿಲ್ಲ. ಅಲ್ಯುಮಿನಿಯಂ ಎರಕ, ಎರಡು ತೂತಿನ ನಡುವೆ ಕಾಗದದಷ್ಟು ಗೋಡೆ ಉಳಿಯುತ್ತದೆ, ಒಂದು ದಿನ ಸೇತುವೆಯ ಮೇಲೆ ಮುರಿದು ಕೈಗೆ ಬರುತ್ತದೆ ಎಂದರು. ಓದುವವರಲ್ಲಿ ಯಾರಾದರೂ ಮನೆಯಲ್ಲೇ ಡ್ರಿಲ್ ಹಿಡಿಯುವವರಿದ್ದರೆ ಈ ಮಾತನ್ನು ನೆನಪಿಡಬೇಕು. ಅವರು ದಪ್ಪ ಅಲ್ಯುಮಿನಿಯಂ ಪಟ್ಟಿಯಿಂದ ಹೊಸ ಲಿವರನ್ನೇ ಕತ್ತರಿಸಿ, ಅರ ಹಿಡಿದು ಮೈ ನುಣುಪು ಮಾಡಿ, ತುದಿಗೆ ಗುಂಡನ್ನು ಬಿಟ್ಟು ಮಾಡಿಕೊಟ್ಟರು. ಆ ಗುಂಡು ಅಂದಕ್ಕಲ್ಲ, ಬಿದ್ದಾಗ ಲಿವರು ಮೈಗೆ ಚುಚ್ಚದಿರಲಿ ಎಂದು.

ತಕ್ಕಡಿ 6.3 ಎಂದಿತು. ಬೆಣ್ಣೆ ಹಿಡಿದಂತಿತ್ತು. ಸಂತೋಷದಲ್ಲಿ ಕಣ್ಣು ತುಂಬಿತು. ಆ ಸಂಜೆ ಮನೆಗೆ ಹೊರಟೆ.

ಐಪ್ಪಸಿ ತಿಂಗಳ ಮಳೆ ಆಗಷ್ಟೇ ನಿಂತಿತ್ತು. ಯುದ್ಧ ಸ್ಮಾರಕದ ಹತ್ತಿರ ಗಾಡಿಗಳು ಬಾಲ ಕಟ್ಟಿ ನಿಂತಿದ್ದವು. ಲಿವರನ್ನು ಪೂರ್ತಿ ಹಿಡಿದೇ ಇದ್ದೇನೆ, ಬುಲೆಟ್ ಮಾತ್ರ ಅಂಗುಲ ಅಂಗುಲ ಮುಂದಕ್ಕೆ ತೆವಳುತ್ತಿದೆ. ಮುಂದೆ ಆಟೋ. ಎಡಗಾಲಿನ ಬ್ರೇಕನ್ನು ಒತ್ತಿ ಹಿಡಿದರೆ ಎಂಜಿನ್ ಏದುಸಿರು ಬಿಡುತ್ತದೆ. ನ್ಯೂಟ್ರಲ್ ಹಾಕೋಣವೆಂದರೆ ಬೀಳುವುದಿಲ್ಲ. ಒಂದರಿಂದ ಎರಡಕ್ಕೆ ಹಾರುತ್ತದೆ, ಎರಡರಿಂದ ಒಂದಕ್ಕೆ ಬೀಳುತ್ತದೆ, ನಡುವಿನ ಜಾಗವೇ ಸಿಗದು. ಪ್ಲೇಟುಗಳು ಬಿಟ್ಟುಕೊಡದೆ ಒಂದನ್ನೊಂದು ಎಳೆದಾಡುತ್ತಿದ್ದವು. ಗಾಡಿ ನಿಲ್ಲಿಸಿ, ಕೀ ತೆಗೆದು, ನೇಪಿಯರ್ ಸೇತುವೆಯ ಮೇಲೆ ಕೂವಂ ನದಿಯ ಗಾಳಿಯಲ್ಲಿ ತಳ್ಳಿಕೊಂಡು ನಡೆದೆ. ಕ್ಲಚ್ ಹಿಡಿದರೂ ಬಿಡದ ಗಾಡಿ, ಕ್ಲಚ್ ಗಟ್ಟಿಯಾದ ಗಾಡಿಗಿಂತ ಅಪಾಯ. ಗಟ್ಟಿ ಕ್ಲಚ್ಚು ನನಗೊಬ್ಬಳಿಗೆ ನೋವು ಕೊಡುತ್ತದೆ. ಬಿಡದ ಕ್ಲಚ್ಚು ಮುಂದೆ ನಿಂತವರ ಮೇಲೆ ಹೋಗುತ್ತದೆ.

ಮಾರನೆಯ ದಿನ ಟರ್ನರ್ ಒಂದು ಮಾತೂ ಆಡಲಿಲ್ಲ. ಮೂಲ ಲಿವರು ಕೇಬಲ್ಲನ್ನು 16 ಮಿಲಿಮೀಟರ್ ಎಳೆಯುತ್ತಿತ್ತು, 19ರದ್ದು 11 ಮಾತ್ರ ಎಳೆಯುತ್ತದೆ, ಅದರಲ್ಲೂ ಎರಡು ಮಿಲಿಮೀಟರ್ ಸಡಿಲಕ್ಕೇ ಹೋಗುತ್ತದೆ ಎಂದು ಸುಣ್ಣದ ಬಳಪದಲ್ಲಿ ನೆಲದ ಮೇಲೆ ಬರೆದರು. ಆ ಸಡಿಲವನ್ನು ಪೂರ್ತಿ ತೆಗೆದುಬಿಡಿ ಎಂದರೆ ಅದೂ ಆಗದು. ಸಡಿಲವೇ ಇಲ್ಲದಿದ್ದರೆ ಕೈ ಬಿಟ್ಟಾಗಲೂ ಕ್ಲಚ್ ಅರೆಬರೆ ಒತ್ತಿದಂತೆಯೇ ಇದ್ದು ಪ್ಲೇಟು ಜಾರಿ ಸುಟ್ಟುಹೋಗುತ್ತದೆ. ಎರಡನೆಯ ಲಿವರು 23ಕ್ಕೆ ಆಯಿತು. ಎಳೆತ ಹದಿಮೂರೂವರೆ ಮಿಲಿಮೀಟರ್, ತೂಕ 7.7 ಕೆ.ಜಿ. ಗಾಡಿಯನ್ನು ಮೇನ್ ಸ್ಟ್ಯಾಂಡಿಗೆ ಹಾಕಿ, ಸ್ಟಾರ್ಟ್ ಮಾಡಿ, ಕ್ಲಚ್ ಹಿಡಿದು ಗೇರ್ ಹಾಕಿ, ಹಿಂದಿನ ಚಕ್ರವನ್ನು ಕಾಲಲ್ಲಿ ಮೆಲ್ಲಗೆ ತಡೆದು ನೋಡಿದರು. ಚಕ್ರ ನಿಂತಿತು. ನ್ಯೂಟ್ರಲ್ ಒಂದೇ ಸಲಕ್ಕೆ ಬಿತ್ತು.

ಕೊನೆಗೆ ಅವರು ಮಾಡಿದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ನನ್ನ ಅಂಗೈ ಸಣ್ಣದು. ಬೆರಳ ತುದಿಗಳು ಲಿವರನ್ನು ಮುಟ್ಟಲು ಚಾಚಬೇಕು. ಲಿವರನ್ನೇ ಒಳಕ್ಕೆ ಬಾಗಿಸಿದರೆ ಅದು ಬೇಗ ಹ್ಯಾಂಡಲ್ ಮುಟ್ಟಿ, ಎಳೆತ ಮತ್ತೆ ಕಡಿಮೆಯಾಗುತ್ತದೆ. ಅವರು ಲಿವರನ್ನು ಮುಟ್ಟದೆ ಹ್ಯಾಂಡಲ್ಲಿನ ಸ್ಪಂಜಿನ ಗ್ರಿಪ್ಪನ್ನು ಬ್ಲೇಡಿನಿಂದ ಸೀಳಿ ಕಿತ್ತರು. ಕೈಗೆ ಮೆತ್ತಗಿರಲಿ ಎಂದು ನಾನೇ ದುಡ್ಡು ಕೊಟ್ಟು ಹಾಕಿಸಿಕೊಂಡ ಗ್ರಿಪ್ಪು ಅದು. ಅದರ ಬದಲು ತೆಳ್ಳನೆಯ ರಬ್ಬರಿನದನ್ನು ಏರಿಸಿದರು. ಬೆರಳು ಚಾಚುವ ದೂರ ಇಳಿಯಿತು, ಲಿವರು ಓಡಾಡುವ ಜಾಗ ಹೆಚ್ಚಿತು. ಎರಡೂ ಒಟ್ಟಿಗೆ, ಯಾವುದನ್ನೂ ಬಿಟ್ಟುಕೊಡದೆ. ಇಡೀ ಕೆಲಸದಲ್ಲಿ ಪುಕ್ಕಟೆಯಾಗಿ ಸಿಕ್ಕ ಲಾಭ ಅದೊಂದೇ.

ಹನ್ನೊಂದೂವರೆಯಿಂದ ಏಳು ಮುಕ್ಕಾಲಿಗೆ ಹತ್ತಿರ. ಇಳಿದ 3.8 ಕೆ.ಜಿ.ಯಲ್ಲಿ ಎರಡೂವರೆ ಕೇಬಲ್ಲು ಮತ್ತು ಬುಷ್ಷಿನದು, ಉಳಿದದ್ದಷ್ಟೇ ಲಿವರಿನದು. ಕಣ್ಣಿಗೆ ಕಾಣುವ ಲಿವರನ್ನು ಬದಲಿಸಬೇಕೆಂದು ಹೋದವಳಿಗೆ ದೊಡ್ಡ ಪಾಲು ಕೊಟ್ಟದ್ದು ಕಣ್ಣಿಗೆ ಕಾಣದ ಕೇಬಲ್ಲು. ಬೆರಳು ಇದರಿಂದಲೇ ವಾಸಿಯಾಯಿತು ಎಂದು ಹೇಳುವುದಿಲ್ಲ. ಇಂಜೆಕ್ಷನ್ ಇತ್ತು, ಆರು ವಾರದ ವಿಶ್ರಾಂತಿ ಇತ್ತು. ಆದರೆ ವಾಸಿಯಾದ ಬೆರಳನ್ನು ಮತ್ತೆ ಅದೇ ಹದಿಮೂರು ಕ್ವಿಂಟಲ್ಲಿಗೆ ಕಟ್ಟಲಿಲ್ಲ ಎಂಬ ಸಮಾಧಾನ ನನಗಿದೆ.

ಒಂದು ಮಾತು ಮಾತ್ರ ಮನಸ್ಸಿನಲ್ಲಿ ಕೊರೆಯುತ್ತಲೇ ಇದೆ. ಜಪಾನಿನ ಸೊಯಿಚಿರೊ ಹೋಂಡಾ 1958ರಲ್ಲಿ ಸೂಪರ್ ಕಬ್ ಎಂಬ ಸಣ್ಣ ಗಾಡಿ ತಂದಾಗ, ನೂಡಲ್ಸ್ ಅಂಗಡಿಯ ಹುಡುಗ ಒಂದು ಕೈಯಲ್ಲಿ ತಟ್ಟೆ ಹಿಡಿದು ಇನ್ನೊಂದು ಕೈಯಲ್ಲಿ ಓಡಿಸುವಂತಿರಬೇಕು ಎಂದುಕೊಂಡು ಕ್ಲಚ್ ಲಿವರನ್ನೇ ತೆಗೆದುಹಾಕಿದ್ದ. ಹೊಸೂರಿನಿಂದ 1980ರಲ್ಲಿ ಹೊರಟ ಟಿವಿಎಸ್ 50ಕ್ಕೂ ಕ್ಲಚ್ ಲಿವರ್ ಇರಲಿಲ್ಲ. ಗಡಿಯ ಆಚೆ ಈಚೆ ಅದೆಷ್ಟು ಹಾಲಿನವರು, ಸೊಪ್ಪಿನವರು, ಶಾಲೆಯ ಮೇಡಮ್ಮುಗಳು ಅದರ ಮೇಲೆ ಕೂತು ಜೀವನ ಮಾಡಿದರು! ಮೈಸೂರಿನ ಯೆಜ್ದಿ ಅರ್ಧ ಕ್ಲಚ್ಚನ್ನು ಕಾಲಿಗೆ ಕೊಟ್ಟಿತ್ತು. ಈಗ ಎನ್‌ಫೀಲ್ಡಿನ ಹೊಸ ಗಾಡಿಗಳಲ್ಲಿ ಕೆಲವಕ್ಕೆ ಸ್ಲಿಪ್ ಅಸಿಸ್ಟ್ ಎಂಬ ಕ್ಲಚ್ ಬಂದಿದೆ. ಒಳಗಿನ ಇಳಿಜಾರು ಹಲ್ಲುಗಳೇ ಪ್ಲೇಟುಗಳನ್ನು ಒತ್ತಿ ಹಿಡಿಯಲು ನೆರವಾಗುವುದರಿಂದ ಸ್ಪ್ರಿಂಗ್ ಮೆದುವಾದರೂ ಸಾಕು, ಕೈಗೆ ಹಗುರ. ದಾರಿ ಮೊದಲಿನಿಂದಲೂ ಗೊತ್ತಿತ್ತು ಎಂದಾಯಿತು. ಗೊತ್ತಿದ್ದೂ ನಮ್ಮಲ್ಲಿ ಬಹುಪಾಲು ಮೋಟಾರ್ ಸೈಕಲ್ಲುಗಳು ಒಂದೇ ಅಳತೆಯ, ಬೆರಳಿಗೆ ತಕ್ಕಂತೆ ಹತ್ತಿರ ದೂರ ಮಾಡಲಾಗದ ಲಿವರಿನೊಂದಿಗೇ ಬರುತ್ತವೆ. ಸೀಟು, ಬಣ್ಣ, ಕನ್ನಡಿ ಆರಿಸಿಕೊಳ್ಳಲು ಶೋರೂಮಿನಲ್ಲಿ ಎಷ್ಟೊಂದು ಅವಕಾಶ. ದಿನಕ್ಕೆ ಇನ್ನೂರು ಸಲ ಹಿಡಿಯುವ ಲಿವರನ್ನು ನಿಮ್ಮ ಕೈ ಎಷ್ಟು ದೊಡ್ಡದು ಎಂದು ಕೇಳಿ ಕೊಡುವವರು ಇಲ್ಲ. ತಿರುಗಿಸಿದರೆ ಹತ್ತಿರ ಬರುವ ಲಿವರು ದುಬಾರಿ ಗಾಡಿಗಳಿಗೇ ಮೀಸಲಾಗಬಾರದು. ಗಾಡಿ ಮಾಡುವವರು ಇದನ್ನು ದಯವಿಟ್ಟು ಯೋಚಿಸಬೇಕು.

ಟರ್ನರಿಗೆ ದುಡ್ಡು ಕೊಟ್ಟು ಹೊರಡುವಾಗ, 19ರ ಲಿವರನ್ನು ಎಸೆದುಬಿಡಿ ಎಂದೆ. ಅವರು ಎಸೆಯಲಿಲ್ಲ. ಇನ್ನೂ ಚಿಕ್ಕ ಕ್ಲಚ್ಚಿನ ಗಾಡಿಯವರು, ಇನ್ನೂ ಸೋತ ಕೈಯವರು ಯಾರಾದರೂ ಬಂದಾರು ಎಂದು ಗೋಡೆಯ ಮೊಳೆಗೆ ನೇತುಹಾಕಿದರು.

ನಿಮ್ಮ ಮನೆಯಲ್ಲೂ ಕೈನೋವಿನ ನೆಪದಲ್ಲಿ ಒಂದು ಗಾಡಿ ಮೂಲೆಯಲ್ಲಿ ನಿಂತಿರಬಹುದು. ಅಕ್ಕನದೋ, ಅಪ್ಪನದೋ, ನಿಮ್ಮದೇ ಇರಬಹುದು. ಮಾರುವವರಿಗೆ ಫೋನ್ ಮಾಡುವುದನ್ನು ಒಂದು ದಿನ ತಡೆಯಿರಿ. ಕೇಬಲ್ಲನ್ನು ಎರಡೂ ಕಡೆ ಬಿಚ್ಚಿ, ಬರಿಗೈಯಲ್ಲಿ ಎಳೆದು ನೋಡಿ.